ಗುರಾಣಿಯ ಸದ್ದು

ಆಫೀಸಿನಲ್ಲಿ ರಿಲೀಸ್ ಇರುವ ರಾತ್ರಿಗಳಲ್ಲಿ ನಾನು ಕೇಳುವ ಆಲ್ಬಮ್ ಒಂದಿದೆ. ಬಿಲ್ಡ್ ಓಡ್ತಾ ಇರುತ್ತೆ, ಮಾಡೋಕೆ ಬೇರೆ ಕೆಲಸ ಇರಲ್ಲ, ಕ್ಯಾಂಟೀನ್ ಮುಚ್ಚಿರುತ್ತೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತುಬಿಡ್ತೀನಿ. ಒಮ್ಮೆ ಪಕ್ಕದ ಸೀಟಿನ ಗೆಳೆಯ ‘ಅದೇನೋ ಅಷ್ಟು ಭಕ್ತಿಯಿಂದ ಕೇಳ್ತೀಯ, ಕೊಡಿಲ್ಲಿ’ ಅಂತ ಕಿತ್ತುಕೊಂಡು ಕಿವಿಗೆ ಹಾಕಿಕೊಂಡ. ಹತ್ತು ಸೆಕೆಂಡ್ ಆಗಿರಬೇಕು. ‘ಏನ್ ಗುರೂ ಇದು, ಮಿಕ್ಸಿಗೆ ಜಲ್ಲಿಕಲ್ಲು ಹಾಕ್ದಂಗಿದೆ’ ಅಂತ ವಾಪಸ್ ಕೊಟ್ಟ.

ಅವನ ತಪ್ಪಲ್ಲ ಬಿಡಿ. ಹಾಡಿನ ಮಧ್ಯಕ್ಕೆ ಬಂದು ಬಿದ್ದರೆ ಯಾರಿಗಾದರೂ ಹಾಗೇ ಅನ್ಸುತ್ತೆ. ಈ ಆಲ್ಬಮನ್ನು ಮೊದಲಿನಿಂದ ಕೇಳಬೇಕು. ಮೊದಲು ಬರೋದು ಗಿಟಾರೂ ಅಲ್ಲ, ಡ್ರಮ್ಮೂ ಅಲ್ಲ, ಸಮುದ್ರ. ಅಲೆ ಬಂದು ದಡಕ್ಕೆ ಬಡಿಯುವ ಸದ್ದು. ಅದರ ಮೇಲೆ ಮೆಲ್ಲಗೆ ಒಂದು ಗಿಟಾರು, ಕರೆಂಟಿಲ್ಲದ್ದು. ಒಬ್ಬ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹಾಡೋಕೆ ಶುರು ಮಾಡ್ತಾನೆ. ಆಮೇಲೆ ಗೋಡೆ ಬಿದ್ದ ಹಾಗೆ ಡ್ರಮ್ಸು, ಡಿಸ್ಟಾರ್ಶನ್ನು. ಆದರೆ ವೇಗ ಇಲ್ಲ. ಮೆಟಲ್ ಅಂದರೆ ಓಟ ಅಂದುಕೊಂಡವರಿಗೆ ಇದು ಆಶ್ಚರ್ಯ. ಭಾರದ ಗಾಡಿಯನ್ನು ಏರು ಹತ್ತಿಸುವ ಎತ್ತುಗಳ ನಡಿಗೆ ಇದರದ್ದು. ಮೊದಲ ಹಾಡು ಹನ್ನೊಂದು ನಿಮಿಷ.

ಆಲ್ಬಮಿನ ಹೆಸರು ಹ್ಯಾಮರ್‌ಹಾರ್ಟ್. ಬಂದದ್ದು 1990ರಲ್ಲಿ. ತಂಡ ಸ್ವೀಡನ್ನಿನ ಬ್ಯಾಥರಿ. ತಂಡ ಅನ್ನೋದು ಹೆಸರಿಗೆ, ಅದರ ಜೀವ ಒಬ್ಬನೇ: ಸ್ಟಾಕ್‌ಹೋಮಿನ ಥಾಮಸ್ ಫೋರ್ಸ್‌ಬರ್ಗ್. ತನ್ನನ್ನು ಕ್ವಾರ್ಥನ್ ಅಂತ ಕರೆದುಕೊಂಡ. ಶುರುವಿನ ಒಂದೆರಡು ವರ್ಷ ಬಿಟ್ಟರೆ ವೇದಿಕೆ ಹತ್ತಲೇ ಇಲ್ಲ. ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ ರೆಕಾರ್ಡ್ ಮಾಡ್ತಿದ್ದ. ಮೊದಲ ಆಲ್ಬಮ್‌ಗಳಲ್ಲಿ ಸೈತಾನ, ನರಕ, ಶಾಪ ಇವೇ ತುಂಬಿದ್ದವು. ಆಮೇಲೆ ಅವನಿಗೊಂದು ವಿಷಯ ಹೊಳೆಯಿತು. ಚರ್ಚನ್ನು ಬೈಯೋಕೆ ಸೈತಾನನನ್ನು ಕರೆದರೆ, ಆ ಸೈತಾನನೂ ಚರ್ಚಿನವನೇ ಅಲ್ವಾ! ಹಾಗಾದರೆ ಚರ್ಚಿಗಿಂತ ಹಿಂದೆ ನಮ್ಮಲ್ಲಿ ಏನಿತ್ತು? ಹಾಗೆ ಕೇಳಿಕೊಂಡವನು ವೈಕಿಂಗರ ಕಾಲಕ್ಕೆ ಹೋಗಿ ಮುಟ್ಟಿದ. 1988ರ ಆಲ್ಬಮಿನಲ್ಲಿ ಅರ್ಧ, 1990ರದ್ದರಲ್ಲಿ ಪೂರ್ತಿ. ವೈಕಿಂಗ್ ಮೆಟಲ್ ಅಂತ ಇವತ್ತು ಕರೆಯುವ ದಾರಿ ಶುರುವಾಗೋದು ಇಲ್ಲಿಂದ. 2004ರ ಜೂನಿನಲ್ಲಿ, 38ನೇ ವಯಸ್ಸಿಗೆ, ಹೃದಯದ ತೊಂದರೆಯಿಂದ ಅವನು ತೀರಿಕೊಂಡ. ನಾನು ಅವನ ದನಿ ಕೇಳುವ ಹೊತ್ತಿಗೆ ಅವನಿರಲಿಲ್ಲ.

ನಾನು ಕೇಳಿದ್ದು 2007ರಲ್ಲಿ, ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಆ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿತ್ತು. ಟಿಕೆಟ್ಟಿಗೆ ನನ್ನ ಹತ್ರ ದುಡ್ಡಿರಲಿಲ್ಲ. ರೂಮಿನ ಬೆಂಗಳೂರಿನ ಹುಡುಗ ಹೋಗಿ ಬಂದು ಗಂಟಲು ಕಟ್ಟಿಕೊಂಡು ಮೂರು ದಿನ ಮಲಗಿದ್ದ. ಅವನ ಕಂಪ್ಯೂಟರಿನಲ್ಲಿ ಮೆಟಲ್ ಅನ್ನುವ ಫೋಲ್ಡರ್ ಇತ್ತು, ಅದರೊಳಗೆ ಇದು. ನಾನು ಅರಕಲಗೂಡು ಕಡೆಯ ಹಳ್ಳಿಯವನು. ಪಿಯುಸಿವರೆಗೆ ನನಗೆ ಗೊತ್ತಿದ್ದ ಸಂಗೀತ ಅಂದರೆ ರಾಜ್‌ಕುಮಾರ್ ಹಾಡು, ಶನಿವಾರದ ಭಜನೆ, ಜಾತ್ರೆಯ ವಾಲಗ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಬೆವರುವ ಕಾಲ ಅದು. ಹಾಡಿನ ಒಂದು ಸಾಲೂ ಅರ್ಥವಾಗಲಿಲ್ಲ. ಆದರೂ ಎದೆ ಹಿಡಿದುಕೊಂಡಿತು.

ಹಿಡಿದದ್ದು ಏನು ಅಂತ ತಕ್ಷಣ ಗೊತ್ತಾಯ್ತು, ಅದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಈ ಹಾಡುಗಳ ಹಿಂದೆ ಒಂದು ಕೋರಸ್ ಇದೆ. ಅದರಲ್ಲಿ ಮಾತಿಲ್ಲ. ‘ಓ...’ ಅಂತ, ‘ಆ...’ ಅಂತ, ಹತ್ತಾರು ಗಂಡಸರು ದೂರದ ಬೆಟ್ಟದ ಮೇಲೆ ನಿಂತು ಕೂಗುವ ಹಾಗೆ. ಮುಂದೆ ಹಾಡುವವನ ದನಿ ಏನೂ ಚೆನ್ನಾಗಿಲ್ಲ ಅಂತ ಹೇಳಿಬಿಡ್ತೀನಿ. ಕ್ವಾರ್ಥನ್ ಕಲಿತ ಹಾಡುಗಾರನಲ್ಲ. ಶ್ರುತಿ ಜಾರುತ್ತೆ, ಮೇಲಿನ ಸ್ವರಕ್ಕೆ ಏರೋಕೆ ಹೋಗಿ ದನಿ ಒಡೆಯುತ್ತೆ, ಮುಟ್ಟೋಕಾಗದೆ ಕೂಗಿಬಿಡ್ತಾನೆ. ಆಮೇಲೆ ಬಂದ ತಂಡಗಳು ಇದೇ ದಾರಿಯಲ್ಲಿ ಎಷ್ಟೋ ಚೊಕ್ಕವಾಗಿ ಹಾಡಿವೆ, ನುಡಿಸಿವೆ. ನನಗೆ ಅವು ಹಿಡಿಸಲಿಲ್ಲ. ಒಡೆದ ದನಿ, ಅದರ ಹಿಂದೆ ಮಾತಿಲ್ಲದ ಆ ‘ಓ’ — ಇದನ್ನು ನಾನು ಮುಂಚೆ ಕೇಳಿದ್ದೆ. ನಮ್ಮ ಕಣದಲ್ಲಿ.

ರಾಗಿ ಒಕ್ಕಣೆ ನೋಡಿದವರು ಈಗ ಕಡಿಮೆ. ನನ್ನ ಕಾಲಕ್ಕೇ ಅದು ಮುಗೀತಾ ಬಂದಿತ್ತು, ಮುಂದೆ ನಾವೂ ಎಲ್ಲರ ಹಾಗೆ ಟಾರು ರಸ್ತೆಗೆ ತೆನೆ ಹರವಿ ಬಸ್ಸು ಹತ್ತಿಸೋಕೆ ಕಲಿತೆವು. ಆದರೆ ನನಗೆ ಐದಾರು ವರ್ಷ ಇರುವಾಗ ಇನ್ನೂ ಕಣ ಮಾಡ್ತಿದ್ದರು. ನೆಲ ಕೆತ್ತಿ, ಸಗಣಿ ಸಾರಿಸಿ, ಮೆದೆ ಒಡೆದು ಹರವಿ, ರೋಣಗಲ್ಲಿಗೆ ಎತ್ತು ಕಟ್ಟಿ ಸುತ್ತು ಹೊಡೆಸೋದು. ಹಗಲು ಬಿಸಿಲು ಅಂತ ಬೆಳದಿಂಗಳಲ್ಲಿ ರಾತ್ರಿಯಿಡೀ ನಡೆಯೋದು. ನಾನು ತಾತನ ಜೊತೆ ಹುಲ್ಲಿನ ಮೇಲೆ ಕಂಬಳಿ ಹೊದ್ದು ಮಲಗಿರ್ತಿದ್ದೆ. ನಡುರಾತ್ರಿ ಎಚ್ಚರವಾದರೆ ಕಲ್ಲು ಉರುಳುವ ಗರಗರ ಸದ್ದು, ಅದರ ಮೇಲೆ ಎತ್ತು ಹೊಡೆಯುವ ದನಿ. ಓ... ಅಂತ ಎಳೆದು, ಮೇಲಕ್ಕೆ ಹೋಗಿ, ಒಡೆದು, ಇಳಿದು ಬರುವ ದನಿ. ಅದು ಕೇಳ್ತಿದ್ದ ಹಾಗೇ ಮತ್ತೆ ನಿದ್ದೆ. ನಾನು ಆಮೇಲೆ ಎಲ್ಲೂ ಅಷ್ಟು ಗಟ್ಟಿಯಾಗಿ ನಿದ್ದೆ ಮಾಡಿಲ್ಲ.

ಅದನ್ನು ಹಾಸ್ಟೆಲಿನಲ್ಲಿ ಹೆಡ್‌ಫೋನಿನೊಳಗೆ ಕೇಳಿದೆ. ಸ್ವೀಡನ್ನಿನಿಂದ ಬಂತು ಅನ್ನೋದು ನನಗೆ ಅಡ್ಡಿಯೇ ಆಗಲಿಲ್ಲ.

ಮುಂದೆ ಕೆಲಸ ಸಿಕ್ಕಿ, ಬೆಂಗಳೂರಿಗೆ ಬಂದು, ಊಟದ ಟೇಬಲ್ಲಿನಲ್ಲಿ ಊರಿನ ಕಥೆ ಹೇಳುವ ಅಭ್ಯಾಸ ಆಯ್ತು. ನಿಮಗೂ ಗೊತ್ತಿರುತ್ತೆ, ನಮ್ಮಂಥವರು ಪ್ರತಿ ಟೀಮಿನಲ್ಲೂ ಒಬ್ಬ ಇರ್ತೀವಿ. ಪ್ಯಾಕೆಟ್ ಹಾಲು ನೋಡಿದರೆ ಊರಿನ ಹಾಲು ನೆನೆಯುವವರು. ನನ್ನ ಕಥೆಗಳಲ್ಲಿ ತೊಟ್ಟಿಮನೆ ಇತ್ತು, ನಲವತ್ತು ಪಲ್ಲ ರಾಗಿ ಹಿಡಿಯುವ ಹಗೇವು ಇತ್ತು, ಬಂದವರಿಗೆಲ್ಲ ಊಟ ಇತ್ತು. ಮುಖ್ಯವಾಗಿ ಕಣ ಇತ್ತು. ‘ನಮ್ ತಾತ ರಾತ್ರಿಯೆಲ್ಲಾ ಹಾಡ್ಕೊಂಡು ಎತ್ತು ಹೊಡೀತಿದ್ರು’ ಅಂತ ಎಷ್ಟು ಸಲ ಹೇಳಿದ್ದೀನೋ. ಕೇಳುವವರು ‘ವಾವ್’ ಅಂತಿದ್ದರು. ನನಗೂ ಹೇಳ್ತಾ ಹೇಳ್ತಾ ಗಂಟಲು ಉಬ್ಬಿ ಬರ್ತಿತ್ತು. ಈಗ ಯೋಚಿಸಿದರೆ, ಆ ಕಥೆಗಳಿಗೆಲ್ಲ ನಾನು ಹಿಂದಿನಿಂದ ಒಂದು ಕೋರಸ್ ಹಾಕಿ ಹೇಳ್ತಿದ್ದೆ.

ಹ್ಯಾಮರ್‌ಹಾರ್ಟಿನ ಮುಖಪುಟದಲ್ಲಿ ಒಂದು ಚಿತ್ರವಿದೆ. ಸಮುದ್ರ ದಡ, ಉರಿಯುವ ಹಡಗು, ಅದರ ಮೇಲೆ ಸತ್ತ ಯೋಧನೊಬ್ಬನ ಹೆಣ, ಹಡಗನ್ನು ಅಲೆಗೆ ನೂಕುವ ಗಂಡಸರು, ಪಂಜು ಎತ್ತಿ ಹಿಡಿದ ಕೈ. ತುಂಬಾ ದಿನ ಇದು ಆಲ್ಬಮಿಗಾಗಿ ಬರೆದದ್ದು ಅಂದುಕೊಂಡಿದ್ದೆ. ಅಲ್ಲ. ಫ್ರಾಂಕ್ ಡಿಕ್ಸಿ ಅನ್ನುವ ಇಂಗ್ಲಿಷ್ ಕಲಾವಿದ 1893ರಲ್ಲಿ ಬರೆದ ಚಿತ್ರ, ಮ್ಯಾಂಚೆಸ್ಟರಿನ ಗ್ಯಾಲರಿಯಲ್ಲಿದೆ. ಅಂದರೆ ವೈಕಿಂಗರ ಕಾಲ ಮುಗಿದು ಎಂಟುನೂರು ವರ್ಷ ಆದ ಮೇಲೆ, ರೈಲು, ಟೆಲಿಗ್ರಾಫು ಇದ್ದ ಕಾಲದಲ್ಲಿ ಕೂತು ಕಲ್ಪಿಸಿದ್ದು. ಇವರ ತಲೆ ಮೇಲೆ ಕೊಂಬಿನ ಟೋಪಿ ಅಂತ ನಾವೆಲ್ಲ ಕಾರ್ಟೂನಿನಲ್ಲಿ ನೋಡ್ತೀವಲ್ಲ, ಅದೂ ಅಷ್ಟೇ. 1876ರಲ್ಲಿ ವಾಗ್ನರ್‌ನ ಒಪೆರಾಕ್ಕೆ ಒಬ್ಬ ವಸ್ತ್ರವಿನ್ಯಾಸಕ ಮಾಡಿಕೊಟ್ಟ ವೇಷದಿಂದ ಅದು ಜಗತ್ತಿಗೆಲ್ಲ ಹಬ್ಬಿತು.

ಇದರಿಂದ ನನಗೇನೂ ಬೇಜಾರಾಗಲಿಲ್ಲ. ಕ್ವಾರ್ಥನ್ ಕೂಡ ಊರಾಚೆಯ ಬಡಾವಣೆಯಲ್ಲಿ ಬೆಳೆದ ಹುಡುಗ, ಅವನೇನು ದೋಣಿ ನಡೆಸಿದವನಲ್ಲ. ಇಲ್ಲದ ಊರಿಗೆ ಹಾತೊರೆಯೋದು ನನಗೆ ಅರ್ಥವಾಗುತ್ತೆ. ಹಾಡು ಇತಿಹಾಸದ ಪರೀಕ್ಷೆ ಬರೀಬೇಕಿಲ್ಲ.

ಬೇಜಾರಾದದ್ದು ಇನ್ನೊಂದು ಓದಿದಾಗ.

ಇಬ್ನ್ ಫದ್ಲಾನ್ ಅನ್ನುವವನು ಬಾಗ್ದಾದಿನ ಖಲೀಫನ ಕಡೆಯಿಂದ ವೋಲ್ಗಾ ನದಿಯ ಕಡೆಗೆ ಹೋದ ನಿಯೋಗದಲ್ಲಿದ್ದ. 922ರಲ್ಲಿ ಅಲ್ಲಿ ವ್ಯಾಪಾರಕ್ಕೆ ಬಂದಿದ್ದ ರುಸ್ ಜನರನ್ನು ಕಂಡ. ಉತ್ತರದಿಂದ ನದಿ ಹಿಡಿದು ಬಂದ ಈ ಜನ ವೈಕಿಂಗರ ಕಡೆಯವರು. ಅವರ ನಾಯಕನೊಬ್ಬ ಸತ್ತಿದ್ದ. ಅವನನ್ನು ಹಡಗಿನಲ್ಲಿಟ್ಟು ಸುಟ್ಟದ್ದನ್ನು ಫದ್ಲಾನ್ ಕಣ್ಣಾರೆ ನೋಡಿ ಬರೆದಿಟ್ಟ. ಡಿಕ್ಸಿಯ ಹಾಗೆ ಕಲ್ಪಿಸಿದ್ದಲ್ಲ. ಹಡಗನ್ನು ನೀರಿಗೆ ನೂಕಲಿಲ್ಲ, ದಡಕ್ಕೆ ಎಳೆದು ಸೌದೆಯ ಮೇಲೆ ನಿಲ್ಲಿಸಿದರು. ಅದಕ್ಕೂ ಮುಂಚೆ ಸತ್ತವನ ದಾಸಿಯರನ್ನು ಕೇಳಿದರು, ಇವನ ಜೊತೆ ಯಾರು ಸಾಯ್ತೀರಿ ಅಂತ. ಒಬ್ಬಳು ಹುಡುಗಿ ನಾನು ಅಂದಳು. ಅಂದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಹತ್ತು ದಿನ ಅವಳಿಗೆ ಕುಡಿತ, ಹಾಡು, ಉಪಚಾರ. ಕೊನೆಯ ದಿನ ಬಾಗಿಲ ಚೌಕಟ್ಟಿನಂಥದ್ದರ ಮೇಲಕ್ಕೆ ಅವಳನ್ನು ಎತ್ತಿ ಹಿಡಿದರು. ಆಚೆ ಕಡೆ ನೋಡಿ ಅಪ್ಪ ಅಮ್ಮ ಕಾಣ್ತಿದ್ದಾರೆ, ಸತ್ತ ಬಂಧುಗಳೆಲ್ಲ ಕಾಣ್ತಿದ್ದಾರೆ, ಯಜಮಾನ ಕರೀತಿದ್ದಾನೆ ಅಂದಳಂತೆ. ಆಮೇಲೆ ಹಡಗಿಗೆ ಹತ್ತಿಸಿದರು. ಅಲ್ಲಿ ಅವಳು ತಡಬಡಾಯಿಸಿದಳು, ಒಬ್ಬ ಮುದುಕಿ ತಲೆ ಹಿಡಿದು ಒಳಗೆ ನೂಕಿದಳು.

ಇಲ್ಲಿ ಫದ್ಲಾನ್ ಒಂದು ವಿವರ ಕೊಡ್ತಾನೆ. ಹೊರಗೆ ನಿಂತ ಗಂಡಸರು ಕೋಲುಗಳಿಂದ ಗುರಾಣಿಗಳನ್ನು ಬಡಿಯೋಕೆ ಶುರು ಮಾಡಿದರು. ಯಾಕೆಂದರೆ ಅವಳ ಕಿರುಚಾಟ ಕೇಳಬಾರದು. ಕೇಳಿದರೆ ಬೇರೆ ಹುಡುಗಿಯರು ಹೆದರಿ, ಇನ್ನು ಮುಂದೆ ಯಜಮಾನನ ಜೊತೆ ಸಾಯ್ತೀವಿ ಅಂತ ಮುಂದೆ ಬರೋದಿಲ್ಲ.

ಅವತ್ತು ರಾತ್ರಿ ಆಲ್ಬಮ್ ಹಾಕಿದೆ. ಆ ಡ್ರಮ್ಸು ಗೊತ್ತಲ್ಲ, ದೊಡ್ಡ ಗುಹೆಯಲ್ಲಿ ಬಾರಿಸಿದ ಹಾಗೆ, ನಿಧಾನಕ್ಕೆ, ಒಂದೊಂದೇ ಏಟು. ಏಳೆಂಟು ವರ್ಷದಿಂದ ನನಗೆ ರೋಮಾಂಚನ ತಂದ ಸದ್ದು. ಅದು ಏನನ್ನು ಮುಚ್ಚೋಕೆ ಬಾರಿಸ್ತಿರೋ ಸದ್ದು ಅಂತ ಕೇಳಿಕೊಂಡೆ. ಒಮ್ಮೆ ಕೇಳಿಕೊಂಡರೆ ಆಯ್ತು, ಆ ಪ್ರಶ್ನೆ ಹೋಗಲ್ಲ. ಮೊದಲ ಹಾಡು ಶೋರ್ಸ್ ಇನ್ ಫ್ಲೇಮ್ಸ್, ಉರಿಯುವ ಕಡಲ ದಡಗಳು. ಉತ್ತರದವರು ಹಾಯಿ ಬಿಚ್ಚಿ ದಕ್ಷಿಣದ ದಡಗಳಿಗೆ ಬೆಂಕಿ ಇಡೋಕೆ ಹೋಗುವ ಹಾಡು. ಅಷ್ಟು ದಿನ ನಾನು ಆ ಬೆಂಕಿಯನ್ನು ಹಡಗಿನ ಮೇಲೆ ನಿಂತೇ ನೋಡಿದ್ದೆ. ದಡದ ಮೇಲೆ ಯಾರಿದ್ದರು ಅಂತ ಯೋಚಿಸಿರಲೇ ಇಲ್ಲ. 793ರಲ್ಲಿ ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿದ ದಿನದಿಂದ ಆ ದಡಗಳಿಂದ ಹಡಗಿಗೆ ಹತ್ತಿದ ಸರಕಿನಲ್ಲಿ ಬೆಳ್ಳಿ ಬಂಗಾರದ ಜೊತೆ ಮನುಷ್ಯರೂ ಇದ್ದರು. ಐರ್ಲೆಂಡಿನ ಡಬ್ಲಿನ್ ವೈಕಿಂಗರ ಕಾಲದಲ್ಲಿ ಗುಲಾಮರ ದೊಡ್ಡ ಸಂತೆ.

ಇಷ್ಟೇ ಆಗಿದ್ದರೆ ‘ಅಯ್ಯೋ ಪಾಪ, ಹತ್ತನೇ ಶತಮಾನ’ ಅಂತ ಸುಮ್ಮನಾಗಿಬಿಡಬಹುದಿತ್ತು. ದೂರದ ಪಾಪಕ್ಕೆ ಮರುಗೋದು ಸುಲಭ.

ಆ ವರ್ಷ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಜಗಲಿ ಮೇಲೆ ಅಪ್ಪನ ಜೊತೆ ಕೂತು ಅವರೆಕಾಯಿ ಬಿಡಿಸ್ತಾ ಸುಮ್ಮನೆ ಕೇಳಿದೆ, ‘ಅಪ್ಪಾ, ಕಣದಲ್ಲಿ ತಾತ ಹಾಡ್ತಿದ್ರಲ್ಲ, ಅದು ಯಾವ್ ಹಾಡು?’

ಅಪ್ಪ ನಕ್ಕರು. ‘ನಿಮ್ ತಾತ ಎಲ್ಲೋ ಹಾಡ್ತಿದ್ರು. ಅವರು ನಿನ್ ಪಕ್ಕ ಮಲ್ಕೊಂಡು ಗೊರಕೆ ಹೊಡೀತಿದ್ರಲ್ಲೋ. ಅದು ಅವ್ನು ಕಣೋ.’

ಅವನು ಅಂದರೆ ನಮ್ಮ ಮನೆಯ ಆಳು. ಹೆಸರು ಬರೆಯಲ್ಲ, ಮಕ್ಕಳು ಮೊಮ್ಮಕ್ಕಳು ಊರಿನಲ್ಲಿದ್ದಾರೆ. ನನ್ನ ನೆನಪಿನಲ್ಲಿ ಅವರು ಅರವತ್ತರ ಹತ್ತಿರದ ಸಣಕಲು ಮನುಷ್ಯ. ಜಗಲಿಯ ಕೆಳಗಿನ ಮೆಟ್ಟಿಲಿನಲ್ಲಿ ಕೂರ್ತಿದ್ದರು, ಮೇಲೆ ಬರ್ತಿರಲಿಲ್ಲ. ಸೂರಿನ ಸಂದಿಯಲ್ಲಿ ಅವರದ್ದೊಂದು ಲೋಟ ಇರ್ತಿತ್ತು. ಅದನ್ನು ಅವರೇ ತೆಗೆದು ಹಿಡಿದರೆ ಅಜ್ಜಿ ಮೇಲಿನಿಂದ ಕಾಫಿ ಹುಯ್ಯೋರು. ಕುಡಿದು ಅವರೇ ತೊಳೆದು ಅವರೇ ಸಿಕ್ಕಿಸೋರು. ಈಗ ‘ಅವರು’ ಅಂತ ಬರೀತಿದ್ದೀನಿ. ಆರು ವರ್ಷದ ನಾನು ಆಗ ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೀತಿದ್ದೆ. ಅವರು ನನ್ನನ್ನು ಬಹುವಚನದಲ್ಲಿ.

ಅಪ್ಪ ಅವತ್ತು ಹೇಳ್ತಾ ಹೋದರು, ನಾನು ಕೇಳ್ತಾ ಹೋದೆ. ಮದುವೆಗೆ ಅಂತ ತಾತನ ಹತ್ರ ಇನ್ನೂರು ರೂಪಾಯಿ, ಎರಡು ಪಲ್ಲ ರಾಗಿ ತಗೊಂಡಿದ್ದರಂತೆ. 1959ರ ಸುಮಾರು. ಅದಕ್ಕೆ ಜೀತ. ಹದಿನೇಳು ವರ್ಷ. ರಾತ್ರಿ ಮಲಗೋದು ನಮ್ಮ ಕೊಟ್ಟಿಗೆಯಲ್ಲಿ, ಹೆಂಡತಿ ಮಕ್ಕಳು ಕೇರಿಯಲ್ಲಿ. 1976ರಲ್ಲಿ ಜೀತ ನಿಷೇಧದ ಕಾನೂನು ಬಂದಾಗ ಲೆಕ್ಕ ಮುಗೀತು. ‘ಎಷ್ಟು ತೀರಿಸಿದ್ರು ಅಷ್ಟರಲ್ಲಿ?’ ಅಂದೆ. ‘ತೀರಿಸೋದೇನು, ದುಡಿಯೋದು ಬಡ್ಡಿಗೆ ಹೋಯ್ತಿತ್ತು’ ಅಂದರು ಅಪ್ಪ, ಅವರೆಕಾಯಿ ಬಿಡಿಸ್ತಾ. ಆಮೇಲೆ ಏನನ್ನಿಸಿತೋ, ‘ನಮ್ಮನೇಲಿ ಹೊಡೆಯೋದು ಬಡಿಯೋದು ಇರ್ಲಿಲ್ಲ ಕಣಪ್ಪ’ ಅಂತ ಸೇರಿಸಿದರು.

ನನಗೆ ಅಜ್ಜಿ ನೆನಪಾದಳು. ‘ಇಂದಿರಾ ಗಾಂಧಿ ಕಾಲ್ದಲ್ಲಿ ಎಲ್ಲಾ ಕೆಟ್ಟೋಯ್ತು, ಆಳು ಹೇಳಿದ್ ಮಾತು ಕೇಳ್ತಿತ್ತು, ಮಳೆ ಹೊತ್ತಿಗ್ ಸರಿಯಾಗಿ ಆಗ್ತಿತ್ತು, ದೇವ್ರು ಮೈಮೇಲ್ ಬರ್ತಿತ್ತು’ ಅಂತ ಅವಳು ಒಂದೇ ಉಸಿರಿಗೆ ಹೇಳೋಳು. ಮಳೆ, ದೇವರು, ಆಳು, ಮೂರೂ ಒಂದೇ ಸಾಲಿನಲ್ಲಿ. ಆ ಮಾತಿನಲ್ಲಿ ನಿಜವಾದ ದುಃಖ ಇತ್ತು, ಅದನ್ನು ನಾನು ಅಲ್ಲಗಳೆಯಲ್ಲ. ಹ್ಯಾಮರ್‌ಹಾರ್ಟಿನ ಕೊನೆಯ ದೊಡ್ಡ ಹಾಡು ಕೇಳುವಾಗ ಬರುವ ದುಃಖ ಕೂಡ ಅದೇ ಜಾತಿಯದ್ದು.

ಆ ಹಾಡು ಏಸ ಬೇ ಅನ್ನುವ ಊರಿನದ್ದು. ಒಬ್ಬ ಸವಾರ ತಾನು ಕೇಳಿದ ಸುದ್ದಿಯನ್ನು ಕಣ್ಣಾರೆ ನೋಡೋಕೆ ಆ ಊರಿಗೆ ಬರ್ತಾನೆ. ಕಡಲಾಚೆಯಿಂದ ಕುತ್ತಿಗೆಗೆ ಚಿನ್ನದ ಶಿಲುಬೆ ಹಾಕಿಕೊಂಡವನು ಬರ್ತಾನೆ, ಜೊತೆಗೆ ಶಸ್ತ್ರಧಾರಿಗಳು. ಇನ್ನು ನಿಮ್ಮ ದೇವರಿಲ್ಲ, ನಮ್ಮವನೇ ದೇವರು, ಅವನಿಗೆ ಮನೆ ಕಟ್ಟೋಕೆ ನಿಮ್ಮ ನಾಣ್ಯ ಕೊಡಿ ಅಂತಾರೆ. ಜನ ಕೊಡ್ತಾರೆ, ಕಟ್ತಾರೆ. ಹಿಂದಿನ ದೇವರುಗಳು ಸುಮ್ಮನಾಗಿಬಿಡ್ತಾರೆ. ಹತ್ತು ನಿಮಿಷದ ಹಾಡು. ಊರು ಕಳೆದುಕೊಂಡ ಯಾರಿಗೂ ಇದು ತಾಕದೇ ಇರಲ್ಲ. ನಿಜದಲ್ಲಿ ಹೀಗೆ ಒಂದು ದಿನದಲ್ಲಿ ಆದದ್ದಲ್ಲ. ಆನ್ಸ್‌ಗರ್ ಅನ್ನುವ ಪಾದ್ರಿ ಸ್ವೀಡನ್ನಿನ ಬಿರ್ಕಾಕ್ಕೆ ಬಂದದ್ದು 829ರ ಸುಮಾರಿಗೆ. 1070ರ ದಶಕದಲ್ಲಿ ಬರೆದ ಬ್ರೆಮೆನ್ನಿನ ಆಡಮ್‌ನ ಪುಸ್ತಕದಲ್ಲಿ ಉಪ್ಸಾಲಾದ ಹಳೆಯ ದೇವಾಲಯದ ವರ್ಣನೆ ಇನ್ನೂ ಇದೆ.

ಆದರೆ ಏಸ ಬೇಯಲ್ಲಿ ಕೊಟ್ಟಿಗೆ ಇರಲಿಲ್ವಾ? ಕೊಟ್ಟಿಗೆಯಲ್ಲಿ ಯಾರೂ ಮಲಗ್ತಿರಲಿಲ್ವಾ? ಅವರ ಭಾಷೆಯಲ್ಲಿ ಗುಲಾಮನಿಗೆ ತ್ರಾಲ್ ಅಂತ ಹೆಸರು. ರೀಗ್ಸ್‌ಥೂಲಾ ಅನ್ನುವ ಹಳೆಯ ನಾರ್ಸ್ ಕಾವ್ಯದಲ್ಲಿ ದೇವರೊಬ್ಬ ಮೂರು ಮನೆಗೆ ಹೋಗ್ತಾನೆ, ಮೂರು ಮನೆಯಲ್ಲೂ ಮಗು ಹುಟ್ಟುತ್ತೆ. ಒಬ್ಬ ಗುಲಾಮ, ಒಬ್ಬ ಒಕ್ಕಲು ಮಗ, ಒಬ್ಬ ಧಣಿ. ಗುಲಾಮನ ಬೆನ್ನು ಬಗ್ಗಿದೆ, ಚರ್ಮ ಸುಕ್ಕು, ಬೆರಳು ದಪ್ಪ. ಅವನ ಮಕ್ಕಳು ಬೇಲಿ ಕಟ್ತಾರೆ, ಹೊಲಕ್ಕೆ ಗೊಬ್ಬರ ಹಾಕ್ತಾರೆ, ಹಂದಿ ಮೇಯಿಸ್ತಾರೆ. ಓದಿದಾಗ ನನಗೇನೂ ಹೊಸದು ಅನಿಸಲಿಲ್ಲ. ನಿಮಗೂ ಅನಿಸಲ್ಲ. ದೇವರೇ ಹೀಗೆ ಮಾಡಿಟ್ಟಿದ್ದು ಅನ್ನುವ ಕಥೆ ಹೇಳೋಕೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೂ ಒಂದಿದೆ. 1335ರಲ್ಲಿ ಸ್ವೀಡನ್ನಿನ ದೊರೆ ಮಾಗ್ನುಸ್ ಎರಿಕ್ಸನ್ ಸ್ಕಾರಾದಲ್ಲಿ ಒಂದು ಕಟ್ಟಳೆ ಹೊರಡಿಸಿದ. ವೆಸ್ಟರ್‌ಗೋಟ್‌ಲಾಂಡ್ ಮತ್ತು ವೇರೆಂಡ್ ಸೀಮೆಯಲ್ಲಿ ಕ್ರೈಸ್ತ ತಂದೆತಾಯಿಗೆ ಹುಟ್ಟಿದ ಯಾರೂ ಇನ್ನು ಗುಲಾಮರಲ್ಲ ಅಂತ. ಏಸ ಬೇಯವರ ದುಡ್ಡು ಕಿತ್ತು ಮನೆ ಕಟ್ಟಿಸಿಕೊಂಡ ಆ ಹೊಸ ದೇವರ ಹೆಸರಿನಲ್ಲೇ ಕೊನೆಗೆ ಕೊಟ್ಟಿಗೆಯ ಬಾಗಿಲು ತೆಗೆದದ್ದು. ಚರ್ಚು ಏನೂ ಆತುರ ಮಾಡಲಿಲ್ಲ, ಎರಡು ಮೂರು ಶತಮಾನ ತಗೊಂಡಿತು, ಅದನ್ನೂ ಹೇಳಬೇಕು. ಆದರೂ ಊರಿನ ದೇವರು ಹೋದ ದಿನ ಎಲ್ಲರೂ ಅತ್ತರು ಅನ್ನುವ ಹಾಡಿನ ಮಾತನ್ನು ನಾನು ಈಗ ಪೂರ್ತಿ ನಂಬಲ್ಲ. 1976ರಲ್ಲಿ ನಮ್ಮನೆಯಲ್ಲಿ ಅಜ್ಜಿ ಅತ್ತಿರಬಹುದು. ಕೇರಿಯ ಆ ಮನೆಯಲ್ಲಿ ಅವತ್ತು ಏನಾಯ್ತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ.

ಈ ಹಾಡಿಗೆ ಇನ್ನೊಂದು ನೆರಳೂ ಇದೆ. ಆಲ್ಬಮ್ ಬಂದ ಎರಡು ವರ್ಷಕ್ಕೆ, 1992ರ ಜೂನ್ 6ರಂದು, ನಾರ್ವೆಯ ಬರ್ಗೆನ್ ಹತ್ತಿರ ಫಾನ್‌ಟಾಫ್ಟ್‌ನ ಹಳೆಯ ಮರದ ಚರ್ಚು ಸುಟ್ಟು ಬೂದಿಯಾಯ್ತು. ಆಮೇಲೆ ಇನ್ನೂ ಹಲವು. ಬ್ಯಾಥರಿಯನ್ನು ಕೇಳಿ ಬೆಳೆದ ಬ್ಲ್ಯಾಕ್ ಮೆಟಲ್ ಗುಂಪಿನ ಹುಡುಗರ ಕೆಲಸ. ಒಬ್ಬನಿಗೆ ಚರ್ಚುಗಳಿಗೆ ಬೆಂಕಿ ಹಚ್ಚಿದ್ದಕ್ಕೂ ಕೊಲೆಗೂ ಸೇರಿಸಿ 1994ರಲ್ಲಿ 21 ವರ್ಷ ಶಿಕ್ಷೆ ಆಯ್ತು. ಹಾಡು ಬೆಂಕಿ ಹಚ್ಚಿತಾ? ಇಲ್ಲ ಅಂತಲೇ ನನ್ನ ಲೆಕ್ಕ. ಏಸ ಬೇಯ ಹಾಡಿನಲ್ಲಿ ಸೇಡಿಲ್ಲ, ಬರೀ ಸೋಲಿದೆ. ಅಳುವ ಹಾಡು ಕೇಳಿ ಕಡ್ಡಿ ಗೀರಿದವನ ಪಾಪವನ್ನು ಹಾಡಿದವನ ತಲೆಗೆ ಕಟ್ಟೋಕಾಗಲ್ಲ. ಆದರೆ ನಾವು ಕಳೆದುಕೊಂಡವರು, ಬರೀ ಕಳೆದುಕೊಂಡವರು, ನಾವು ಯಾರಿಂದಲೂ ಏನನ್ನೂ ಕಿತ್ತುಕೊಂಡವರಲ್ಲ ಅಂತ ಹತ್ತು ನಿಮಿಷ ನಂಬಿಸಿದರೆ, ಕೈಗೆ ಕಡ್ಡಿಪೆಟ್ಟಿಗೆ ಬರೋದು ಸ್ವಲ್ಪ ಸುಲಭ ಆಗುತ್ತೆ. ಇದು ನಾರ್ವೆಗೆ ಮಾತ್ರ ಹೇಳಿದ್ದಲ್ಲ.

ಇದನ್ನೆಲ್ಲ ಆ ಮಿಕ್ಸಿ ಗೆಳೆಯನಿಗೆ ಹೇಳಿದೆ. ‘ಹಂಗಾದ್ರೆ ಡಿಲೀಟ್ ಮಾಡು, ಸಿಂಪಲ್’ ಅಂದ. ಆಮೇಲೆ ಅವನೇ, ‘ಇಲ್ಲಾಂದ್ರೆ ಸುಮ್ನೆ ಕೇಳು. ಹಾಡು ಹಾಡು ಅಷ್ಟೇ. ಸಾವಿರ ವರ್ಷದ್ ಹಿಂದಿನ್ ಹುಡುಗಿಗೆ ನೀನ್ಯಾಕ್ ಪಿಟೀಷನ್ ಹಾಕ್ತೀಯ?’ ಅಂತಲೂ ಅಂದ.

ಎರಡೂ ನನ್ನ ಕೈಲಾಗಲಿಲ್ಲ. ಡಿಲೀಟ್ ಮಾಡಿದರೆ ನಾನು ಒಳ್ಳೆಯವನಾಗಿಬಿಟ್ಟೆ ಅನ್ನುವ ಸಮಾಧಾನ ಸಿಗುತ್ತೆ, ಅದಕ್ಕಿಂತ ಹೆಚ್ಚೇನೂ ಆಗಲ್ಲ. ಸುಮ್ಮನೆ ಕೇಳೋಣ ಅಂದರೆ, ನಾನು ಸುಮ್ಮನೆ ಕೇಳಿಲ್ಲವಲ್ಲ. ಆ ‘ಓ’ ನನ್ನದು ಅಂತ ಕೇಳಿದೆ. ನನ್ನ ತಾತನದ್ದು, ನನ್ನ ವಂಶದ್ದು ಅಂತ ಹತ್ತು ವರ್ಷ ಊರೆಲ್ಲ ಹೇಳಿಕೊಂಡು ಬಂದೆ. ಅವರ ದುಡಿಮೆಯನ್ನು ತಾತ ತಗೊಂಡರು, ಅದಕ್ಕೆ ಬಡ್ಡಿ ಅಂತಾದರೂ ಒಂದು ಲೆಕ್ಕ ಇತ್ತು. ದನಿಯನ್ನು ನಾನು ತಗೊಂಡೆ, ಲೆಕ್ಕವೇ ಇಲ್ಲದೆ. ತಾತ ಗೊರಕೆ ಹೊಡೆಯುತ್ತಿದ್ದದ್ದು ನನಗೆ ಮರೆತೇ ಹೋಗಿತ್ತು ಅನ್ನೋದು ನನಗೆ ಈಗಲೂ ಅರಗಿಲ್ಲ. ಪಕ್ಕದಲ್ಲೇ ಮಲಗಿದ್ದೆ. ನೆನಪು ತಾನಾಗಿ ಮಾಸುತ್ತೆ ಅಂದುಕೊಂಡಿದ್ದೆ. ಇದು ಮಾಸಿದ್ದಲ್ಲ, ಯಾರ ಕೆಳಗೆ ಯಾರಿರಬೇಕು ಅನ್ನೋದನ್ನು ಸರಿಯಾಗಿ ತಿಳಿದುಕೊಂಡೇ ಜೋಡಿಸಿದ್ದು.

ಹೋದ ಗೌರಿ ಹಬ್ಬಕ್ಕೆ ಅವರ ಮಗನನ್ನು ಭೇಟಿ ಮಾಡಿದೆ. ಬಸ್ ಸ್ಟಾಪಿನ ಹತ್ತಿರ ಆಟೋ ಇಟ್ಟಿದ್ದಾರೆ. ನನಗಿಂತ ಹದಿನೈದು ವರ್ಷಕ್ಕೂ ದೊಡ್ಡವರು. ನನ್ನನ್ನು ನೀವು ಅಂತಾರೆ, ಬೇಡ ಅಂದರೂ ಬಿಡಲ್ಲ. ಟೀ ಕುಡೀತಾ, ಹೇಗೆ ಶುರು ಮಾಡಬೇಕು ಅಂತ ಗೊತ್ತಾಗದೆ, ‘ನಿಮ್ಮಪ್ಪ ಕಣದಲ್ಲಿ ಹಾಡ್ತಿದ್ರಲ್ಲ, ನಿಮಗೆ ಬರುತ್ತಾ ಅದು’ ಅಂದೆ.

ಅವರು ನನ್ನ ಮುಖ ನೋಡಿದರು. ‘ಹಾಡಾ? ನಮ್ಮಪ್ಪ ಮನೇಲಿ ಒಂದ್ ದಿನ ಹಾಡಿದ್ ಕೇಳಿಲ್ಲ ನಾನು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕಣ್ದಲ್ ಕೂಗೋನಲ್ಲ, ಅದನ್ ಕೇಳ್ತಿದೀರಾ? ಅದು ಹಾಡಲ್ಲ. ಮೂರ್ನೇ ರಾತ್ರಿಗೆ ನಿಂತ್ಕಂಡೇ ನಿದ್ದೆ ಬರೋದಂತೆ. ಎತ್ತಿನ್ ಕಾಲಿಗ್ ಸಿಕ್ಕಿ ಕಲ್ಲಿನಡಿಗ್ ಹೋಗ್ಬಿಟ್ರೆ ಅಂತ ಕೂಕ್ಕಳೋನು. ಅವ್ನೇ ಹೇಳಿದ್ದು.’

ಆಟೋಗೆ ಗಿರಾಕಿ ಬಂತು, ಹೋದರು. ಟೀ ದುಡ್ಡು ಅವರೇ ಕೊಟ್ಟಿದ್ದರು.

ಹಾಸನದಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಚನ್ನರಾಯಪಟ್ಟಣ ದಾಟಿದ ಮೇಲೆ ಲೈಟು ಆರಿಸಿದರು. ಹೆಡ್‌ಫೋನ್ ಹಾಕಿಕೊಂಡೆ. ಸಮುದ್ರ ಬಂತು, ಗಿಟಾರು ಬಂತು, ಡ್ರಮ್ಸು ಬಂತು. ಆ ಕೂಗು ಬರುವ ಹೊತ್ತಿಗೆ ನಿಲ್ಲಿಸಿಬಿಟ್ಟೆ. ಪಕ್ಕದವರು ನಿದ್ದೆ ಮಾಡ್ತಿದ್ದರು. ಡ್ರೈವರ್ ಎಚ್ಚರ ಇರೋಕೆ ಯಾವುದೋ ಹಳೇ ಹಾಡು ಸಣ್ಣಗೆ ಹಾಕಿಕೊಂಡಿದ್ದ. ನೆಲಮಂಗಲ ಬರುವಷ್ಟರಲ್ಲಿ ಮತ್ತೆ ಹಾಕಿದೆ, ನಿಲ್ಲಿಸಿದ ಜಾಗದಿಂದ.